ಸದ್ದು ಕಳೆದುಕೊಂಡ ದೋಣಿ

ಸರಸ್ವತಿಪುರಂನ ನಮ್ಮ ಮನೆಯ ತಾರಸಿಯಲ್ಲಿ ಸಂಡಿಗೆ ಒಣಗಿಸಲು ನನಗೆ ಎಂದೂ ಜಾಗ ಸಿಕ್ಕಿದ್ದಿಲ್ಲ. ಅಲ್ಲಿ ದೋಣಿ ಇರುತ್ತಿತ್ತು. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕಾದ ಊರಿನಲ್ಲಿ ನನ್ನ ಗಂಡನಿಗೆ ಹಾಯಿದೋಣಿಯ ಹುಚ್ಚು. ಇಬ್ಬರು ಕೂರುವಷ್ಟು ಪುಟ್ಟ ದೋಣಿ. ಆಷಾಢದ ಗಾಳಿ ಎದ್ದರೆ ಸಾಕು, ಅದನ್ನು ವ್ಯಾನಿನ ಮೇಲೆ ಬಿಗಿದುಕೊಂಡು ಅಣೆಕಟ್ಟಿನ ಹಿನ್ನೀರಿಗೆ ಹೊರಟುಬಿಡುತ್ತಿದ್ದೆವು. ಚುಕ್ಕಾಣಿ ಅವರ ಕೈಯಲ್ಲಿ, ಮುಂದಿನ ಹಾಯಿಯ ಹಗ್ಗ ನನ್ನ ಕೈಯಲ್ಲಿ. ಮದುವೆಯಾದಾಗಿನಿಂದ ಹಾಗೇ.

ಮೊದಲ ದೋಣಿ ಬಲು ಗಲಾಟೆಯದು. ಬಟ್ಟೆಯ ಹಾಯಿ ಪಟಪಟ ಬಡಿದುಕೊಳ್ಳುತ್ತಿತ್ತು, ಹಗ್ಗದ ರಾಟೆಗಳು ಕಿರುಗುಟ್ಟುತ್ತಿದ್ದವು. ಒಳಗೆ ನುಗ್ಗಿದ ನೀರನ್ನು ನಾನು ಚೊಂಬಿನಲ್ಲಿ ಮೊಗೆದು ಚೆಲ್ಲಬೇಕು, ಜೊತೆಗೆ ಅವರನ್ನು ಬೈಯಬೇಕು. ಆಮೇಲೆ ಒಂದೊಂದೇ ಸುಧಾರಣೆ ಶುರುವಾಯಿತು. ಉದ್ದಕ್ಕೂ ಪಟ್ಟಿ ಕೊಟ್ಟು ಬಿಗಿದ ಹೊಸ ಹಾಯಿ ಬಂತು. ಗಾಳಿ ತಪ್ಪಿದರೂ ಅದು ಬಡಿದುಕೊಳ್ಳುವುದಿಲ್ಲ. ರಾಟೆಗಳಿಗೆ ಬಾಲ್ ಬೇರಿಂಗ್ ಬಂದವು. ತಳದಲ್ಲಿ ಒಂದು ಕಿಂಡಿ ಇಟ್ಟರು. ದೋಣಿ ಓಡತೊಡಗಿದರೆ ಸಾಕು, ಒಳಗಿನ ನೀರು ತಾನಾಗಿ ಹೊರಗೆ ಹರಿದುಹೋಗುತ್ತದೆ. ನನಗೆ ಬೈಯುವ ಕೆಲಸವೊಂದೇ ಉಳಿಯಿತು. ಪ್ರತಿ ಸಲ ವೇಗ ಹೆಚ್ಚಿತು, ಪ್ರತಿ ಸಲ ಒಂದು ಸದ್ದು ಹೋಯಿತು. ಅದು ಆಗ ನಮ್ಮ ಗಮನಕ್ಕೆ ಬರಲಿಲ್ಲ.

ಗಮನಕ್ಕೆ ಬಂದದ್ದು ಅವರಿಗೆ ಗ್ಲಾಕೋಮಾ ಹಿಡಿದ ಮೇಲೆ. ನೋಟ ಸುತ್ತಲಿಂದ ಕಿರಿದಾಗುತ್ತ ಬಂದು, ಕೊನೆಗೆ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಉಳಿಯಿತು. ಆದರೂ ಚುಕ್ಕಾಣಿ ಬಿಡಲಿಲ್ಲ. ಮುಂಭಾಗಕ್ಕೆ ನೀರು ಬಡಿಯುವ ಸದ್ದು ಕೇಳಿ ವೇಗ ಹೇಳುತ್ತಿದ್ದರು, ಹಾಯಿಯ ಅಂಚಿನ ಗುಂಯ್ ಕೇಳಿ ದಿಕ್ಕು ತಿದ್ದುತ್ತಿದ್ದರು. ನಾನು ಕಣ್ಣು, ಅವರು ಕಿವಿ. ಹೇಗೋ ನಡೆಯುತ್ತಿತ್ತು.

ಈ ಆಷಾಢದ ಆರಂಭದಲ್ಲಿ ನಾನು "ಬಲಕ್ಕೆ" ಎನ್ನುವಷ್ಟರಲ್ಲಿ ಒಬ್ಬ ಮೀನುಗಾರನ ತೆಪ್ಪವನ್ನು ಕೂದಲೆಳೆಯಲ್ಲಿ ತಪ್ಪಿಸಿದೆವು. "ಕಣ್ ಕಾಣಕಿಲ್ವಾ ಸ್ವಾಮಿ?" ಎಂದು ಅವನು ಕೂಗಿದ. ಚುಕ್ಕಾಣಿ ನನಗೆ ಕೊಡಿ ಎಂದು ಹೇಳಲೇಬೇಕು, ಇಲ್ಲದಿದ್ದರೆ ಯಾರಾದರೂ ಸಾಯುತ್ತಾರೆ ಎಂದು ಅವತ್ತೇ ನಿಶ್ಚಯಿಸಿದೆ. ಆದರೆ ಆ ಮಾತು ಹೇಳುವುದೆಂದರೆ ಅವರ ಕಣ್ಣನ್ನು ನಾನೇ ಮುಚ್ಚಿದ ಹಾಗೆ.

ಅಷ್ಟರಲ್ಲಿ ಅವರು ತಾರಸಿಯಲ್ಲಿ ಕೂತು ದೋಣಿಗೆ ರೆಕ್ಕೆ ಕಟ್ಟಿದ್ದರು. ತಳದಿಂದ ನೀರಿಗಿಳಿಯುವ ಎರಡು ಕಾರ್ಬನ್ ಫೈಬರ್ ಕಡ್ಡಿಗಳು, ಅವುಗಳ ತುದಿಯಲ್ಲಿ ಅಗಲವಾದ ರೆಕ್ಕೆಗಳು. ವೇಗ ಹಿಡಿದಾಗ ರೆಕ್ಕೆಗಳು ನೀರಿನೊಳಗೇ ಇದ್ದು ಇಡೀ ದೋಣಿಯನ್ನು ಮೇಲಕ್ಕೆತ್ತುತ್ತವೆ.

"ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಹಾರ್ಬುಡ್ಬೇಕು ಕಣೆ," ಎಂದರು. ಮೊಮ್ಮಕ್ಕಳಿರುವ ಗಂಡಸಿನ ಹಟ! ಬೈದೆ, ಆದರೂ ಜೊತೆಗೆ ಹೋದೆ. ನೀರಿನ ನಡುವೆ ಹೋದ ಮೇಲೆ ಹೇಳಿಬಿಡೋಣ ಎಂದುಕೊಂಡಿದ್ದೆ.

ಮಧ್ಯಾಹ್ನ. ಮೋಡ ಕವಿದು ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಜೋರು ಗಾಳಿಗೆ ದೋಣಿ ಅದುರಿ ಮೇಲೆದ್ದಿತು. ತಿರುಗುತ್ತಿದ್ದ ಮಿಕ್ಸಿ ತಟ್ಟನೆ ನಿಂತರೆ ಅಡುಗೆಮನೆ ಹೇಗಾಗುತ್ತದೋ ಹಾಗಾಯಿತು. ನೀರಿನ ಸದ್ದೂ ಹೋಯಿತು. ದಡ ಓಡುತ್ತಿತ್ತು, ಆದರೆ ನಾವು ಚಲಿಸುತ್ತಿರುವುದಕ್ಕೆ ಕಿವಿಗೆ ಯಾವ ಗುರುತೂ ಇರಲಿಲ್ಲ.

"ನೀನಿದ್ದೀಯೇನೆ?" ಎಂದರು.

"ಇಲ್ದೆ ಎಲ್ಲಿಗ್ರೀ ಹೋಗ್ಲಿ?"

ಸ್ವಲ್ಪ ಹೊತ್ತಿಗೆ ಅವರು ಎಡಕ್ಕೆ ತಲೆ ವಾಲಿಸಿದರು. "ಪಕ್ಕದಲ್ಲಿ ಯಾರದ್ದೋ ದೋಣಿ ಬರ್ತಿದೆ."

ನೋಡಿದೆ. ಆಚೆ ದಡದವರೆಗೂ ಬರಿಯ ನೀರು.

"ಯಾರೂ ಇಲ್ಲ ಕಣ್ರೀ."

"ನೀರು ಬಡಿಯೋದು ಕೇಳಲ್ವ? ಎಷ್ಟು ಹತ್ರ ಇದೆ!"

ಅಷ್ಟರಲ್ಲಿ ಮುಂದೆ, ಮುಳುಗಿದ ಮರವೊಂದರ ಬೋಳು ತುದಿ ನೀರಿನಿಂದ ಎದ್ದಿರುವುದು ಕಂಡಿತು. ಕೂಗಲು ಬಾಯಿ ತೆರೆದೆ. ನಾನು ಕೂಗುವ ಮೊದಲೇ ಅವರು ಚುಕ್ಕಾಣಿ ಒತ್ತಿದರು. ಮರ ನಮ್ಮ ಬಲಕ್ಕೆ ಸರಿದುಹೋಯಿತು.

"ನಿಮಗೆ ಹೇಗ್ರೀ ಗೊತ್ತಾಯ್ತು?"

"ಅವರು ತಿರುಗಿಸಿದ್ರಲ್ಲ. ಅದಕ್ಕೆ ನಾನೂ ತಿರುಗಿಸ್ದೆ."

ಹುಚ್ಚೇ, ಭ್ರಮೆಯೇ ಎಂದು ಬೈಯಬಹುದಿತ್ತು, ಬೈಯಲಿಲ್ಲ. ಎಡಗಡೆಯ ನೀರನ್ನೇ ನೋಡಿದೆ. ಅದರ ಮೇಲೆ ನಮ್ಮ ನೆರಳು ಕೂಡ ಬಿದ್ದಿರಲಿಲ್ಲ.

"ಎಷ್ಟು ಜನ ಇದಾರೆ?" ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

"ಇಬ್ರು. ಒಬ್ಬಳು ಹೆಂಗಸು. ಗಂಡನ್ನ ಬೈತಾ ಇದಾಳೆ." ನಕ್ಕರು. ಆಮೇಲೆ ಮತ್ತೆ ಕಿವಿಗೊಟ್ಟರು. ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು.

"ಏನಂತ ಬೈತಿದಾಳೆ?"

"ಬೈತಿಲ್ಲ ಕಣೆ. ನನಗೇ ಹೇಳ್ತಿದಾಳೆ, 'ಚುಕ್ಕಾಣಿ ಅವಳಿಗೆ ಕೊಟ್ಬುಡಿ' ಅಂತ."

ಬೆಳಗಿನಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು. ನಾನು ಆಡಿರಲಿಲ್ಲ, ಆಣೆಗೂ ಆಡಿರಲಿಲ್ಲ. ಅವರು ತಡಕಾಡಿ ನನ್ನ ಕೈ ಹಿಡಿದು, ಚುಕ್ಕಾಣಿಯ ಮೇಲಿಟ್ಟು, ತಮ್ಮ ಕೈ ತೆಗೆದರು. ನನಗೆ ಅಳು ಬಂತು. ದೋಣಿ ಇನ್ನೂ ಮೇಲೇ ಇತ್ತು, ದಡ ದೂರವಿತ್ತು, ನಾನು ಅಲ್ಲಿಯವರೆಗೂ ನಡೆಸಿಕೊಂಡು ಬಂದೆ. ಆಮೇಲೆ ಅವರು ಎಂದೂ ಚುಕ್ಕಾಣಿ ಮುಟ್ಟಲಿಲ್ಲ.