ಅರ್ಧಕ್ಕೆ ನಿಂತ ಟ್ರಂಕ್ ಕಾಲ್

ಹೋದ ತಿಂಗಳು ರಾಯಚೂರಿನ ಗ್ರಂಥಿಗೆ ಅಂಗಡಿಯೊಂದರಲ್ಲಿ ಮೊಮ್ಮಗುವಿನ ಕೆಮ್ಮಿಗೆಂದು ಜೇಷ್ಠಮಧು ಕೇಳಿದೆ. ಅಂಗಡಿಯವರು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಮಣ್ಣು ಬೆರೆತಂಥ ಆ ಸಿಹಿ ವಾಸನೆ ಮೂಗಿಗೆ ಬಡಿಯಿತು. ಬಡಿದದ್ದು ಮೂಗಿಗೆ, ಆದರೆ ನನಗೆ ಕೇಳಿಸಿದ್ದು ಒಂದು ದನಿ. ‘ರಾಯಚೂರು ಮಾತಾಡ್ರಿ...’ ಎಂಬ ದನಿ. ತುಂಡು ಕಟ್ಟಿಸಿಕೊಳ್ಳುವುದನ್ನೇ ಮರೆತುಬಿಟ್ಟೆ.

ಎಪ್ಪತ್ತರ ದಶಕದಲ್ಲಿ ನಾನು ರಾಯಚೂರಿನ ಎಕ್ಸ್‌ಚೇಂಜಿನಲ್ಲಿ ಟೆಲಿಫೋನ್ ಆಪರೇಟರಾಗಿ ಕೆಲಸಕ್ಕೆ ಸೇರಿದಾಗ ಬೋರ್ಡಿನಲ್ಲಿ ನನ್ನ ಪಕ್ಕದ ಕುರ್ಚಿ ಆ ದನಿಯಾಕೆಯದು. ವಯಸ್ಸಿನಲ್ಲೂ ಸರ್ವಿಸಿನಲ್ಲೂ ನಮಗೆಲ್ಲ ಹಿರಿಯರು. ಎಲ್ಲರೂ ಅಕ್ಕಾರ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ದನಿ ಒಣಗದಿರಲೆಂದು ಸದಾ ಒಂದು ಜೇಷ್ಠಮಧುವಿನ ತುಂಡನ್ನು ದವಡೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಗಿಲ್ಲೆಸುಗೂರಿನವರು, ಅವರ ತಂದೆಗೆ ನಿಜಾಮರ ಕಾಲದಲ್ಲಿ ಏನೋ ಸಣ್ಣ ನೌಕರಿ ಇತ್ತಂತೆ. ಹಾಗಾಗಿ ಕನ್ನಡ, ತೆಲುಗು, ದಖ್ಖನಿ ಮೂರೂ ಆಕೆಯ ಬಾಯಲ್ಲಿ ನೀರು ಕುಡಿದಷ್ಟು ಸಲೀಸು.

ನಮ್ಮಪ್ಪ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ. ನಮ್ಮ ಓಣಿಯಿಂದ ಸರ್ಕಾರಿ ಕುರ್ಚಿಯ ಮೇಲೆ ಕೂತ ಮೊದಲ ಹೆಣ್ಣುಮಗಳು ನಾನು. ಬೋರ್ಡಿನಲ್ಲಿ ಪಾಳಿ ಬದಲಾಗುವಾಗ ಒಬ್ಬರ ತಲೆಯ ಮೇಲಿನ ಹೆಡ್‌ಸೆಟ್ಟು ಇನ್ನೊಬ್ಬರ ತಲೆಗೆ ಹೋಗುತ್ತಿತ್ತು. ನಾನು ತೆಗೆದಿಟ್ಟದ್ದನ್ನು ಕೆಲವರು ಸೆರಗಿನಿಂದ ಒರೆಸಿ, ಮತ್ತೊಮ್ಮೆ ಒರೆಸಿ ಹಾಕಿಕೊಳ್ಳುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ, ಒರೆಸುತ್ತಿದ್ದರು ಅಷ್ಟೇ. ಅಕ್ಕಾರ ಮಾತ್ರ, ನನ್ನ ನಂತರದ ಪಾಳಿ ಅವರದಾದ ದಿನ, ನನ್ನ ಕಿವಿಯಿಂದಲೇ ತೆಗೆದು, ನನ್ನ ಬೆವರು ಆರುವ ಮುಂಚೆ ತಮ್ಮ ಕಿವಿಗೆ ಇಟ್ಟುಕೊಳ್ಳುತ್ತಿದ್ದರು. ಅದರ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿದ್ದಿಲ್ಲ.

ಆಗಿನ ಫೋನು ಈಗಿನವರಿಗೆ ಹೇಳಿದರೆ ನಗುತ್ತಾರೆ. ಬೇರೆ ಊರಿಗೆ ಮಾತಾಡಬೇಕೆಂದರೆ ಮೊದಲು ನಮ್ಮಲ್ಲಿ ಟ್ರಂಕ್ ಕಾಲ್ ಬುಕ್ ಮಾಡಬೇಕು. ಎರಡು ಊರಿನ ಲೈನುಗಳನ್ನು ನಾವು ಬೋರ್ಡಿನ ತೂತುಗಳಿಗೆ ಪ್ಲಗ್ಗು ಚುಚ್ಚಿ ಕೂಡಿಸಬೇಕು. ಕೂಡಿಸಿದ ಮೇಲೆ ಬಯಸಿದರೆ ನಾವೂ ಕೇಳಬಹುದು. ಹೆಣ ಬಿದ್ದ ಮನೆಯ ಅಳು, ನಿಂತುಹೋದ ಮದುವೆಯ ಮಾತು, ಗಂಡನಿಗೆ ಗೊತ್ತಾಗದಂತೆ ತವರಿಗೆ ಹೇಳುವ ಕಷ್ಟ... ಎಲ್ಲವೂ ನಮ್ಮ ಕಿವಿಯ ಮೇಲೆಯೇ ಹಾಯ್ದು ಹೋಗುತ್ತಿದ್ದವು. ಕೇಳಿದ್ದನ್ನು ಹೊರಗೆ ಆಡುವುದಿಲ್ಲ ಎಂದು ಕೆಲಸಕ್ಕೆ ಸೇರುವಾಗ ನಾವೆಲ್ಲ ಪ್ರಮಾಣ ಮಾಡಿದ್ದೆವು. ನನಗದು ಓದಿ ಸಹಿ ಹಾಕಿದ ನಾಲ್ಕು ಸಾಲು. ಅಕ್ಕಾರಿಗೆ ಹಾಗಲ್ಲ. “ನಮ್ಮ ಕಿವಿ ಹಳ್ಳದ ದಂಡಿ ಇದ್ದಂಗ ತಂಗಿ. ನೀರು ಹರದು ಹೋಗತದ, ದಂಡಿ ಯಾರಿಗೂ ಹೇಳಂಗಿಲ್ಲ” ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ತುರ್ತು ಪರಿಸ್ಥಿತಿ ಬಂದ ಮೇಲೆ ಹಳ್ಳದ ದಂಡೆಯ ಮೇಲೆ ಇನ್ನೊಬ್ಬರು ಬಂದು ಕೂತರು. ಮಫ್ತಿಯಲ್ಲಿದ್ದ ಪೊಲೀಸಿನವರು. ಅಕ್ಕಾರ ಪಕ್ಕದಲ್ಲಿ ಒಂದು ಮರದ ಸ್ಟೂಲು ಹಾಕಿಸಿ, ಅವರಿಗೊಂದು ಹೆಡ್‌ಸೆಟ್ಟು ಕೊಡಿಸಿ, ಇವರು ಹೇಳಿದಂತೆ ಮಾಡಿರಿ ಎಂದು ಸೂಪರ್‌ವೈಜರ್ ಸಾಹೇಬರು ತಮ್ಮ ಕೋಣೆಗೆ ಹೋಗಿಬಿಟ್ಟರು. ದೇವದುರ್ಗದ ಕಡೆ ಕೂಲಿಕಾರರ ಸಂಘ ಕಟ್ಟಿದ್ದ ಒಬ್ಬ ಶಾಲಾ ಮಾಸ್ತರರನ್ನು ಹುಡುಕುತ್ತಿದ್ದರು. ಅವರು ಊರು ಬಿಟ್ಟು ತಪ್ಪಿಸಿಕೊಂಡಿದ್ದರು. ಅವರ ತಾಯಿ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ಕೆಲಸದಾಕೆ. ಮಗ ಒಂದಲ್ಲ ಒಂದು ದಿನ ಗಿರಣಿಯ ಫೋನಿಗೆ ಮಾಡಿ ತಾಯಿಯನ್ನು ಕರೆಸುತ್ತಾನೆ, ಆಗ ಎಲ್ಲಿದ್ದಾನೆ, ಯಾವಾಗ ಬರುತ್ತಾನೆ ಎಂದು ತಿಳಿಯುತ್ತದೆ ಎಂಬುದು ಪೊಲೀಸರ ಲೆಕ್ಕ.

ಆ ಪೊಲೀಸಿನವರು ಕೆಟ್ಟ ಮನುಷ್ಯರೇನಲ್ಲ. ಅವರ ಮಗಳಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು, ಆ ಚಿಂತೆಯಲ್ಲೇ ಕೂತಿರುತ್ತಿದ್ದರು. ಅಕ್ಕಾರ ಒಂದೆರಡು ಸಲ ಅವರಿಗೂ ಜೇಷ್ಠಮಧು ಕೊಟ್ಟರು. ಆದರೆ ಆ ದಿನಗಳಲ್ಲಿ ಅಕ್ಕಾರ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ಯಾರದೋ ಸಂಸಾರದ ಮಾತು ಲೈನಿನಲ್ಲಿ ಬಂದಾಗ, ತಮ್ಮ ಮೈಯ ಮೇಲೆ ಪರರ ಕೈ ಬಿದ್ದಂತೆ ಕುಗ್ಗಿ ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ಆಂಧ್ರದ ಕಡೆಯ ಒಂದು ಎಕ್ಸ್‌ಚೇಂಜಿನಿಂದ ಮಾನ್ವಿಯ ಆ ಗಿರಣಿಗೆ ಕಾಲ್ ಬಂತು. ಬುಕ್ ಮಾಡಿದ್ದು ಯಾವುದೋ ವ್ಯಾಪಾರಿಯ ಹೆಸರಿನಲ್ಲಿ, ಕರೆಸಬೇಕಾದದ್ದು ಮಾತ್ರ ಭತ್ತ ಒಣಗಿಸುವಾಕೆಯನ್ನು. ಸ್ಟೂಲಿನ ಮೇಲಿದ್ದವರು ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿ ಹಿಡಿದರು. ಅಕ್ಕಾರ ಲೈನು ಕೂಡಿಸಿದರು. ನನಗೇನೂ ಕೇಳಿಸಲಿಲ್ಲ. ನಾನು ಕಂಡದ್ದು ಅವರ ಕೈಯನ್ನು. ಬೋರ್ಡಿನ ಅಂಚಿನ ಮೇಲೆ ಸುಮ್ಮನೆ ಬಿದ್ದಿದ್ದ ಆ ಕೈ ಒಮ್ಮೆಲೇ ಮೇಲೆದ್ದು ಎರಡೂ ಪ್ಲಗ್ಗುಗಳನ್ನು ಹಿರಿಯಿತು.

ಪೊಲೀಸಿನವರು ತಿರುಗಿ ಏನಾಯಿತೆಂದು ಕೇಳಿದರು. ಲೈನು ಹೋಯಿತು, ಆಂಧ್ರದ ಲೈನು ಹೀಗೇ, ಎಂದರು ಅಕ್ಕಾರ. ಪೊಲೀಸಿನವರು ನನ್ನ ಮುಖ ನೋಡಿದರು. ಮುಂಜಾನೆಯಿಂದ ಹೀಗೇ ಆಗುತ್ತಿದೆ ಎಂದು ನಾನೂ ಹೇಳಿದೆ. ಅವರು ಸ್ಟೂಲು ಉರುಳಿದ್ದೂ ಲೆಕ್ಕಿಸದೆ ಮೇಲಿನವರಿಗೆ ತಿಳಿಸಲು ಸಾಹೇಬರ ಕೋಣೆಗೆ ಓಡಿದರು.

ಅಷ್ಟು ಸಂದಿನಲ್ಲಿ ಅಕ್ಕಾರ ಆಂಧ್ರದ ಲೈನಿಗೆ ಮತ್ತೆ ಪ್ಲಗ್ಗು ಚುಚ್ಚಿದರು. ಆ ಕಡೆಯ ಆಪರೇಟರನ್ನು ನಾವ್ಯಾರೂ ಕಂಡವರಲ್ಲ, ವರ್ಷಗಟ್ಟಲೆ ದನಿಯ ಪರಿಚಯ ಅಷ್ಟೇ. ಬುಕ್ ಮಾಡಿದವರು ಇನ್ನೂ ಅಲ್ಲೇ ಇದ್ದಾರೆಯೇ ಎಂದು ಅಕ್ಕಾರ ತೆಲುಗಿನಲ್ಲಿ ಕೇಳಿದರು. ಇದ್ದಾರೆ, ರಿಸೀವರ್ ಹಿಡಿದೇ ನಿಂತಿದ್ದಾರೆ, ‘ಯವ್ವಾ, ಯವ್ವಾ’ ಅನ್ನುತ್ತಿದ್ದಾರೆ ಎಂದು ಆತ ಹೇಳಿದನಂತೆ. ಅಲ್ಲಿ ನಿಲ್ಲಬೇಡ, ಈಗಲೇ ಹೋಗು ಎಂದು ಹೇಳಿಬಿಡಿ ಎಂದರು ಅಕ್ಕಾರ. ಆ ಮನುಷ್ಯ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಹಾಗೇ ಹೇಳಿ, ಹೊರಗೆ ನಡೆದುಹೋದರು ಎಂದಷ್ಟೇ ತಿಳಿಸಿದ. ಅಲ್ಲಿನ ಪೊಲೀಸರು ಆ ಎಕ್ಸ್‌ಚೇಂಜು ಇದ್ದ ಪೋಸ್ಟಾಫೀಸಿಗೆ ಹೋದಾಗ ಅಲ್ಲಿ ಯಾರೂ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಆ ಹೊತ್ತಿಗೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಅಕ್ಕಾರ ಮುಖದಲ್ಲಿ ಅದು ಇರಲಿಲ್ಲ.

ಕೆಲವು ದಿನಗಳ ನಂತರ ಆ ತಾಯಿ ಮಾನ್ವಿ ಬಸ್ಸು ಹತ್ತಿ ನಮ್ಮ ಆಫೀಸಿಗೆ ಬಂದಳು. ಮಾತು ಕೂಡಿಸುವುದು ರಾಯಚೂರಿನಲ್ಲಿ ಎಂದು ಗಿರಣಿಯ ಮಾಲಕರು ಹೇಳಿದ್ದರಂತೆ. ಪಾಪ, ಅವರು ಒಳ್ಳೆಯವರು, ಪೊಲೀಸರು ಬಂದು ಹೆದರಿಸಿದರೂ ಆಕೆಯನ್ನು ಕೆಲಸದಿಂದ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಒಳಗೆ ಹೋಗುವ ಹೊರಗೆ ಬರುವ ಎಲ್ಲರನ್ನೂ ಆಕೆ ಒಂದೇ ಮಾತು ಕೇಳುತ್ತಿದ್ದಳು. “ನಡುವ ಕಡದ ಮಾತು ಅದರಿ ಯಪ್ಪಾ, ಅದೊಂದು ಕೂಡಸಿಕೊಡ್ರಿ.” ಹರಿದ ನೂಲನ್ನು ಗಂಟು ಹಾಕಿದಂತೆ ಮಾತನ್ನೂ ಬಿಟ್ಟ ಜಾಗದಿಂದ ಕೂಡಿಸಬಹುದು ಎಂದು ಆಕೆ ತಿಳಿದಿದ್ದಳು. ಹಾಗೆ ಆಗುವುದಿಲ್ಲವೆಂದು ನಾನು ಹೊರಗೆ ಹೋಗಿ ಹೇಳಿದೆ. ತಲೆಯಾಡಿಸಿ ಹೋದಳು. ಮತ್ತೆ ಬಂದಳು. ಆಕೆಯ ದನಿ ಬಾಗಿಲು ದಾಟಿ ಒಳಗೆ ಬಂದಾಗೆಲ್ಲ ಅಕ್ಕಾರ ಹೆಡ್‌ಸೆಟ್ಟನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಳ್ಳುತ್ತಿದ್ದರು. ಆಕೆಗೆ ನಿಜ ಹೇಳಿದರೆ ಅದು ಎಲ್ಲಿಗೆ ಹೋಗಿ ಮುಟ್ಟುವುದೋ ಎಂಬ ಭಯ ನಮ್ಮಿಬ್ಬರಿಗೂ. ಆ ಕಾಲದಲ್ಲಿ ಗೋಡೆಯನ್ನೂ ನಂಬುವಂತಿರಲಿಲ್ಲ.

ವಿಚಾರಣೆ ನಡೆಯಿತು. ಲೈನು ತಾನೇ ಹೋಯಿತೋ, ಯಾರಾದರೂ ಎಳೆದರೋ ಎಂಬುದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಆದರೂ ಅಕ್ಕಾರನ್ನು ದೇವದುರ್ಗದ ಸಣ್ಣ ಎಕ್ಸ್‌ಚೇಂಜಿಗೆ ಹಾಕಿದರು. ಅಲ್ಲಿ ಅವರಿಗೆ ಸಿಕ್ಕ ಬಾಡಿಗೆ ಮನೆ ಆ ಮಾಸ್ತರರು ಕಲಿಸುತ್ತಿದ್ದ ಶಾಲೆಯ ಹಿಂದೆಯೇ ಇತ್ತು. ಮಾಸ್ತರರಿಗೆ ಹಾಜರಿ ಕರೆಯುವಾಗ ಹೆಸರಿನ ಕೊನೆಯನ್ನು ಎಳೆಯುವ ಅಭ್ಯಾಸವಿತ್ತಂತೆ. ಮಕ್ಕಳು ಆಟದಲ್ಲಿ ಅದನ್ನೇ ಅಣಕಿಸುತ್ತಿದ್ದರು. ‘ಅವರ ದನಿ ನನ್ನ ಬಿಡವಲ್ದು ತಂಗಿ’ ಎಂದು ಅಕ್ಕಾರ ಒಮ್ಮೆ ಲೈನಿನಲ್ಲೇ ನನಗೆ ಹೇಳಿದರು. ತಾವು ಕೇಳಿದ್ದನ್ನು ಅಂದೇ ಮೊದಲ ಸಲ ನನ್ನೆದುರು ಆಡಿದರು. ಉಂಡೆಯಾ ಎಂದು ತಾಯಿ ಕೇಳಿದ್ದಳು. ಉಂಡೆ ಎಂದು ಮಗ ಹೇಳಿದ್ದ. ಆಮೇಲೆ ‘ಅಮಾಸಿ ದಿನ ನೀ’ ಎಂದು ಶುರು ಮಾಡಿದ್ದ. ಅಷ್ಟಕ್ಕೆ ಇವರ ಕೈ ಮೇಲೆದ್ದಿತ್ತು.

ತುರ್ತು ಪರಿಸ್ಥಿತಿ ಮುಗಿಯಿತು. ಜೈಲಿಗೆ ಹೋದವರೆಲ್ಲ ಬಿಡುಗಡೆಯಾಗಿ ಬಂದರು. ರಾಯಚೂರು ಸ್ಟೇಷನ್ನಿನಲ್ಲಿ ಹಾರ ಹಾಕಿ ಕರೆದುಕೊಂಡು ಹೋದರು. ಆ ತಾಯಿಯೂ ಬಂದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದನ್ನು ಕಂಡವರಿದ್ದಾರೆ. ಮಾಸ್ತರರು ಬರಲಿಲ್ಲ. ಜೈಲಿನವರು ನಮ್ಮಲ್ಲಿಗೆ ಬಂದೇ ಇಲ್ಲ ಎಂದರು, ಸಂಘದವರು ನಮಗೂ ಗೊತ್ತಿಲ್ಲ ಎಂದರು. ಕಾಶಿಯಲ್ಲಿ ಕಂಡೆ ಎಂದವರಿದ್ದರು, ಯಾವುದೋ ಗಡಿಯ ಕಾಡಿನಲ್ಲಿ ಮುಗಿಸಿದರು ಎಂದವರೂ ಇದ್ದರು.

ಮರುವರ್ಷ ಒಂದು ಭಾನುವಾರ ಅಕ್ಕಾರ ದೇವದುರ್ಗದಿಂದ ಬಂದು, ಮಾನ್ವಿಗೆ ಜೊತೆಯಾಗಿ ಬರುತ್ತೀಯಾ ಎಂದು ಕೇಳಿದರು. ಇಬ್ಬರೂ ಬಸ್ಸು ಹತ್ತಿದೆವು. ಗಿರಣಿಯ ಅಂಗಳದಲ್ಲಿ ಬಿಸಿಲಿಗೆ ಹರವಿದ ಭತ್ತವನ್ನು ಆ ತಾಯಿ ಪಾದದಿಂದ ಗೆರೆ ಎಳೆಯುತ್ತ ಮಗುಚುತ್ತಿದ್ದಳು. ಅಕ್ಕಾರ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಬಿಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹೇಳಿದರು.

“ಯವ್ವಾ, ಆವತ್ತ ಲೈನ್ ಹೋಗಿರಲಿಲ್ಲ. ಪೊಲೀಸರು ಕೇಳಾಕತ್ತಿದ್ರು. ನಾನ ಎಳದೆ.”

ಆಕೆ ಬೈಯುತ್ತಾಳೆಂದು ನಾನು ಕಾದೆ. ಅಕ್ಕಾರ ಅದಕ್ಕೇ ಬಂದಿದ್ದರೆಂದು ತೋರುತ್ತದೆ. ಆಕೆ ಮಾತ್ರ ಸಾಲಿನ ಕೊನೆಯವರೆಗೂ ಭತ್ತ ಮಗುಚಿ, ತಿರುಗಿ ಬಂದು ಎದುರಿಗೆ ನಿಂತಳು.

“ನೀ ಎಳದೇನು? ಮಾತಾಡೋ ಹೊತ್ತಿನ್ಯಾಗ ಹಿಂದಿಂದ ಬಂದು ಯಾರೋ ಅವನ ಬಾಯಿ ಒತ್ತಿ ಹಿಡದ್ರು ಅನ್ಕೊಂಡಿದ್ದೆ. ಇಷ್ಟು ದಿನಾನೂ ಅದ ಕಣ್ಣಿಗಿ ಕಟ್ಟತಿತ್ತು.”

ಅಕ್ಕಾರ ಇಲ್ಲವೆಂದು ತಲೆಯಾಡಿಸಿದರು. ಆತನನ್ನು ಯಾರೂ ಹಿಡಿದಿರಲಿಲ್ಲ, ಲೈನು ಹೋದ ಮೇಲೂ ರಿಸೀವರ್ ಹಿಡಿದು ಯವ್ವಾ ಯವ್ವಾ ಎನ್ನುತ್ತ ನಿಂತಿದ್ದ, ಆಮೇಲೆ ತಾನೇ ನಡೆದು ಹೊರಗೆ ಹೋದ ಎಂದು ಹೇಳಿದರು. ಆಕೆ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ತಾನೇ ನಡೆದು ಹೋದನೇ? ಹೌದು, ತಾನೇ.

“ಅಮಾಸಿ ದಿನ ಅಂದಿದ್ದ. ಅವ ಹ್ಯಾಂಗ ಅಂದ, ಹಂಗ ಒಂದ್ಸಲ ಅನ್ನವ್ವ. ನನಗ ಅವನ ದನಿ ಮರ್ತು ಹೋಗಾಕತ್ತದ.”

ಅಕ್ಕಾರ ಕಣ್ಣು ಮುಚ್ಚಿದರು. ಆಮೇಲೆ ಬಂದ ದನಿ ಅಕ್ಕಾರದ್ದಾಗಿರಲಿಲ್ಲ. ತಗ್ಗಿದ, ಅವಸರದ, ಕೊನೆಯನ್ನು ಸ್ವಲ್ಪ ಎಳೆಯುವ ಗಂಡುದನಿ. “ಅಮಾಸಿ ದಿನ ನೀ...” ನಾನು ಆ ಮಾಸ್ತರರನ್ನು ಕಂಡವಳಲ್ಲ, ಕೇಳಿದವಳೂ ಅಲ್ಲ. ಆದರೂ ಯಾರು ಬಂದರೆಂದು ಹಿಂದೆ ತಿರುಗಿ ನೋಡಿದೆ. ತಾಯಿ ಒಂದು ಹೆಜ್ಜೆ ಮುಂದೆ ಬಂದು, ಆ ಬಾಯಿಯಿಂದ ಉಳಿದದ್ದೂ ಬರಬಹುದೆಂಬಂತೆ ಅಕ್ಕಾರ ತುಟಿಯನ್ನೇ ನೋಡುತ್ತ ನಿಂತಳು. ಉಳಿದದ್ದು ಇರಲಿಲ್ಲ. ಆಕೆ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು, ಮೊದಲು ಅಕ್ಕಾರ ಸುಟ್ಟ ಪಾದಗಳ ಮೇಲೆ ಸುರಿದಳು.

ಅಲ್ಲಿಂದ ಮುಂದೆ ರಜೆ ಸಿಕ್ಕಾಗೆಲ್ಲ ಅಕ್ಕಾರ ಅಮಾವಾಸ್ಯೆಗೆ ಮಾನ್ವಿಗೆ ಹೋಗುತ್ತಿದ್ದರು. ಇಬ್ಬರೂ ಬುತ್ತಿ ಕಟ್ಟಿಕೊಂಡು ಚೀಕಲಪರ್ವಿಯ ಹೊಳೆಯ ದಂಡೆಗೆ ಹೋಗಿ ಕೂರುತ್ತಿದ್ದರು. ಮಗ ಸಣ್ಣವನಿದ್ದಾಗ ತಾಯಿಯ ಜೊತೆ ಅಮಾವಾಸ್ಯೆಯ ಸ್ನಾನಕ್ಕೆ ಹೋಗುತ್ತಿದ್ದದ್ದು ಅಲ್ಲಿಗೆ, ಅಲ್ಲಿಗೇ ಬಾ ಎನ್ನಲಿದ್ದನೇನೋ ಎಂಬುದು ಆಕೆಯ ಊಹೆ. ‘ನೀ ಬಾ’ ಎನ್ನಲಿದ್ದನೋ, ‘ನೀ ಬರಬ್ಯಾಡ’ ಎನ್ನಲಿದ್ದನೋ... ಒಮ್ಮೆ ನಾನೂ ಹೋಗಿದ್ದೆ. ಎಲ್ಲರೂ ನೀರಿನ ಕಡೆ ಮುಖ ಮಾಡಿ ಕೂತಿದ್ದರೆ, ಅವರಿಬ್ಬರು ಮಾತ್ರ ಹೊಳೆಗೆ ಬೆನ್ನು ತಿರುಗಿಸಿ ಊರಿನ ದಾರಿ ನೋಡುತ್ತಿದ್ದರು.

ಆ ತಾಯಿ ಎಂಬತ್ತರ ದಶಕದ ನಡುವೆ ತೀರಿಕೊಂಡಳು. ಆ ದಶಕ ಮುಗಿಯುವ ಹೊತ್ತಿಗೆ ಎಸ್‌ಟಿಡಿ ಬಂತು. ನಂಬರು ತಿರುಗಿಸಿದರೆ ತಾನೇ ಕೂಡುವ ಯಂತ್ರ. ಇನ್ನು ಮಾತಿನ ನಡುವೆ ಯಾರೂ ಇರುವುದಿಲ್ಲವಲ್ಲ ಎಂದು ಅಕ್ಕಾರ ಬಹಳ ಸಮಾಧಾನಪಟ್ಟಿದ್ದರು. ರಿಟೈರಾದ ಮೇಲೆ ಅವರ ಎಡಗಿವಿಯಲ್ಲಿ ಸದಾ ಒಂದು ಗುಂಯ್ ಸಪ್ಪಳ ಉಳಿದುಬಿಟ್ಟಿತು. ಅಷ್ಟು ವರ್ಷ ಹೆಡ್‌ಸೆಟ್ಟು ಹಾಕಿದ್ದರ ಫಲ ಎಂದರಂತೆ ಡಾಕ್ಟರು. ನಾನು ಕೊನೆಯ ಸಲ ನೋಡಲು ಹೋದಾಗ ಕಿವಿ ಹೇಗಿದೆ ಎಂದು ಕೇಳಿದೆ. “ಲೈನ್ ಚಾಲೂ ಅದ ತಂಗಿ. ಆ ಕಡಿ ಯಾರೂ ಮಾತಾಡವಲ್ರು” ಎಂದರು. ಅವರು ಹೋದ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ.

ಈಗ ನನ್ನ ಕೈಯಲ್ಲೂ ಒಂದು ಮೊಬೈಲಿದೆ. ಪೊಲೀಸರೆಂದು ಸುಳ್ಳು ಹೇಳಿ ಹೆದರಿಸುವವರು ಎರಡು ಸಲ ಫೋನು ಮಾಡಿದ್ದಾರೆ. ದೊಡ್ಡವರ ಫೋನಿನೊಳಗೆ ಹೊಕ್ಕು ದೂರದಿಂದಲೇ ಎಲ್ಲ ಕೇಳುತ್ತಾರೆಂದು ಪತ್ರಿಕೆಯಲ್ಲಿ ಓದುತ್ತೇನೆ. ಆಗ ಕೇಳುವವರಿಗೂ ಕೂರಲು ಒಂದು ಸ್ಟೂಲು ಬೇಕಿತ್ತು, ಅವರ ಮಗಳ ಜ್ವರ ನಮಗೂ ಗೊತ್ತಿತ್ತು. ಈಗ ನಡುವೆ ಯಾರು ಕೂತಿದ್ದಾರೋ ತಿಳಿಯದು. ಹಿರಿದು ತೆಗೆಯಲು ಅಕ್ಕಾರ ಕೈಯೂ ಇಲ್ಲ.

ನನ್ನ ಮಗಳು ಸಿಂಧನೂರಿನಲ್ಲಿ ಟೀಚರು. ದಿನಾ ಸಂಜೆ ಮಾತಾಡುತ್ತಾಳೆ, ಎಷ್ಟೋ ಸಲ ನಡುವೆ ಕಟ್ ಆಗುತ್ತದೆ. ನೆಟ್‌ವರ್ಕ್ ಇಲ್ಲಮ್ಮ, ಅದಕ್ಕೇನು, ಎಂದು ನಗುತ್ತಾಳೆ. ನನಗೆ ಹಾಗೆ ಬಿಡಲಾಗುವುದಿಲ್ಲ. ಮತ್ತೆ ಮತ್ತೆ ಮಾಡುತ್ತೇನೆ, ಸಿಗುವವರೆಗೂ ಮಾಡುತ್ತೇನೆ. ಸಿಕ್ಕಾಗ ಆಡಲು ಏನೂ ಉಳಿದಿರುವುದಿಲ್ಲ. ಏನೋ ಹೇಳಾಕತ್ತಿದ್ದೆಲ್ಲ, ಅದನ್ನ ಮುಗಿಸು, ಎನ್ನುತ್ತೇನೆ. ಏನು ಹೇಳುತ್ತಿದ್ದೆನೆಂಬುದೇ ಅವಳಿಗೆ ಮರೆತುಹೋಗಿರುತ್ತದೆ.