ಮೂರು ತುಂಡಾದ ಕಾದಂಬರಿ

ನಮ್ಮ ಮನೆಯಲ್ಲಿ ಕಾದಂಬರಿಯನ್ನು ಬ್ಲೇಡಿನಿಂದ ಸೀಳಿ ಓದುತ್ತಿದ್ದೆವು. ಕೇಳಿದವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಚನ್ನರಾಯಪಟ್ಟಣದಲ್ಲಿ ಅಪ್ಪನದು ಕೊಬ್ಬರಿ ವ್ಯಾಪಾರ. ಅಪ್ಪ, ಅಕ್ಕ, ನಾನು ಮೂವರೂ ಒಬ್ಬರೇ ಕಾದಂಬರಿಕಾರ್ತಿಗೆ ಮರುಳಾದವರು. ಅವರ ಹೊಸ ಪುಸ್ತಕ ಬಂದ ದಿನ ಯಾರಿಗೂ ಕಾಯುವ ತಾಳ್ಮೆ ಇರುತ್ತಿರಲಿಲ್ಲ. ಹಾಗಾಗಿ ಅಪ್ಪ ಅದನ್ನು ಮೂರು ತುಂಡು ಮಾಡುತ್ತಿದ್ದರು. ಒಬ್ಬರು ಮುಗಿಸಿದ ತುಂಡು ಅವರ ಹಿಂದೆ ಓದುವವರ ಕೈಗೆ. ಎಲ್ಲರದೂ ಮುಗಿದ ಮೇಲೆ ಮೂಟೆ ಹೊಲಿಯುವ ದಬ್ಬಳದಲ್ಲೇ ಸೇರಿಸಿ ಹೊಲಿಯುವರು.

ನಿಯಮ ಒಂದೇ. ಕೊನೆ ಗೊತ್ತಿರುವವರು ಬಾಯಿ ಬಿಡಬಾರದು.

ಅಕ್ಕ ಯಾವಾಗಲೂ ನನಗಿಂತ ಮುಂದೆ. ಕೊನೆಯ ತುಂಡು ಮುಗಿಸಿ, ಏನೂ ಆಗಿಲ್ಲವೆಂಬಂತೆ ಹುರುಳಿಕಾಯಿ ನಾರು ತೆಗೆಯುತ್ತ ಕೂರುವಳು. ನಾನು ಅತ್ತು ಕರೆದರೂ ತುಟಿ ಬಿಚ್ಚುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಹೋದ ಮೇಲೂ, ಅವಳು ಹಳ್ಳಿಮೈಸೂರಿನಲ್ಲಿ, ನಾನು ಅರಕಲಗೂಡಿನಲ್ಲಿ ಸಂಸಾರ ಹೂಡಿದ ಮೇಲೂ, ತುಂಡುಗಳು ಬಸ್ಸಿನಲ್ಲಿ ಓಡಾಡಿದವು.

ಆ ಲೇಖಕಿಯಲ್ಲಿ ನಮಗೆ ಅಷ್ಟು ಹಿಡಿಸಿದ್ದು ಏನು? ಅವರು ನಮ್ಮನ್ನು ಅಳಿಸಲು ಹೋಗುತ್ತಿರಲಿಲ್ಲ. ಸಾವಿಗೆ ಒಂದೇ ವಾಕ್ಯ. ಮರುವಾಕ್ಯದಲ್ಲಿ ಯಾರೋ ಒಲೆಯ ಮೇಲಿನ ಹಾಲು ಇಳಿಸುತ್ತಿರುತ್ತಾರೆ. ಜಗಳಗಂಟಿ ಮುದುಕಿಯರನ್ನಂತೂ ಎಷ್ಟು ಚೆನ್ನಾಗಿ ಬರೆಯುತ್ತಾರೆಂದರೆ, ಅವರ ಬೈಗುಳ ಕೇಳುತ್ತ ಅಲ್ಲೇ ಅಡುಗೆಮನೆಯಲ್ಲಿ ಕೂತುಬಿಡೋಣ ಅನ್ನಿಸುತ್ತದೆ.

ಅವರ ಈಚಿನ ಕಾದಂಬರಿ ಬಂದಾಗ ಅಕ್ಕ ಹಾಸನದ ಆಸ್ಪತ್ರೆಯಲ್ಲಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಇನ್ನು ಮಾಡುವುದೇನೂ ಉಳಿದಿಲ್ಲವೆಂದು ಡಾಕ್ಟರು ಭಾವನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದ್ದರು. ಅಕ್ಕನಿಗೆ ನಾವು ಹೇಳಿರಲಿಲ್ಲ. ನಾನು ಪುಸ್ತಕ ಕೊಂಡು ತಂದು, ಅವಳ ಮಂಚದ ಮೇಲೇ ಬ್ಲೇಡು ಹಿಡಿದೆ.

“ಅಯ್ಯೋ, ಹೊಸ ಪುಸ್ತಕಾನ ಹಿಂಗಾ ಕುಯ್ಯೋದು!” ಎಂದು ನರ್ಸ್ ಗದರಿದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಮತ್ತೆ ನಾನು ನೋಡಲಿಲ್ಲ.

ಅವಳಿಗೆ ತುಂಡು ಪುಸ್ತಕವೂ ಭಾರವಾಗಿತ್ತು. ನಾನೇ ಓದಿ ಹೇಳುತ್ತಿದ್ದೆ. ಮೊದಲ ತುಂಡು ಮುಗಿದ ಮಧ್ಯಾಹ್ನ ಅಕ್ಕ, “ಈಗ ಕೊನೇದು ಓದೇ,” ಎಂದಳು.

“ನಡುವಿನದು?”

“ಅದು ನಿಂಗಿರ್ಲಿ.”

“ಅದೆಂಗಾಯ್ತದೆ? ನಡುವಿಂದು ಬಿಟ್ಟು ಯಾರಾದ್ರೂ ಕೊನೇದು ಓದ್ತಾರಾ!” ಎಂದು ಸಿಡುಕಿದೆ. ಅವಳು ನನ್ನ ಕೈ ಹಿಡಿದಳು.

“ಕೊನೆ ಗೊತ್ತಿರೋರು ಬಾಯ್ ಬಿಡಂಗಿಲ್ಲ, ಅಲ್ವೇನೇ? ಅದ್ಕೇ ನನ್ ವಿಚಾರ ನಿನ್ನ ಕೇಳ್ನಿಲ್ಲ. ಪುಸ್ತಕದ್ದಾದ್ರೂ ಓದು.”

ಇಷ್ಟು ದಿನ ಅವಳಿಗೆ ಗೊತ್ತಿತ್ತು. ನನಗೆ ದುಃಖ ಉಕ್ಕಿ ಬಂತು. ಅವಳು ಗೋಡೆಯ ಕಡೆ ಮುಖ ಮಾಡಿ, ನಾನು ಅಳು ಮುಗಿಸಲೆಂದು ಕಾದಳು. ಆಮೇಲೆ ಓದಿದೆ. ಕೊನೆಯಲ್ಲಿ ಆ ಮನೆಯ ಮುದುಕಿ ಸಾಯುತ್ತಾಳೆ. ಒಂದೇ ವಾಕ್ಯ. ಮರುವಾಕ್ಯದಲ್ಲಿ ಸೊಸೆ ಹಿತ್ತಿಲಲ್ಲಿ ಒಣಗಿದ ಬಟ್ಟೆ ಎತ್ತಿಕೊಳ್ಳುತ್ತಾಳೆ.

“ಬೋ ಚೆನ್ನಾಗ್ ಬರ್ದವ್ಳೆ ಕಣೇ,” ಎಂದು ಅಕ್ಕ ಮಗ್ಗುಲಾದಳು. ಆ ವಾರವೇ ತೀರಿಕೊಂಡಳು.

ತಿಥಿ ಮುಗಿದ ಮೇಲೆ ಭಾವ ಮೂರೂ ತುಂಡುಗಳನ್ನು ನನ್ನ ಕೈಗಿಟ್ಟು, “ಹೊಲ್ದು ಇಟ್ಕೊಳವ್ವ,” ಎಂದರು. ಅಪ್ಪನ ದಬ್ಬಳ ನನ್ನ ಬಳಿಯೇ ಇದೆ. ಆದರೆ ಓದದೆ ಹೊಲಿಯುವಂತಿಲ್ಲ.

ಈಗ ನಡುವಿನ ತುಂಡನ್ನು ಚೂರು ಚೂರೇ ಓದುತ್ತಿದ್ದೇನೆ. ಅಲ್ಲಿ ಮುದುಕಿ ಇನ್ನೂ ಗಟ್ಟಿಯಾಗಿದ್ದಾಳೆ. ಸೊಸೆಯನ್ನು ಬೈಯುತ್ತಾಳೆ, ಬರುವ ವರ್ಷದ ಉಪ್ಪಿನಕಾಯಿಗೆ ಎಂಥ ಮಾವು ತರಬೇಕೆಂದು ತಕರಾರು ತೆಗೆಯುತ್ತಾಳೆ. ಓದುತ್ತ ನಗು ಬರುತ್ತದೆ, ಹಿಂದೆಯೇ ಕೊನೆ ನೆನಪಾಗುತ್ತದೆ. ಪುಸ್ತಕ ಮಡಿಚಿ ಅಡುಗೆಮನೆಗೆ ಹೋಗಿ, ಅಕ್ಕನಂತೆ ಹುರುಳಿಕಾಯಿ ನಾರು ತೆಗೆಯುತ್ತ ಕೂರುತ್ತೇನೆ.

ಮುದುಕಿಗೆ ನಾನು ಏನೂ ಹೇಳುವುದಿಲ್ಲ.