ಸ್ಟೇನ್ವೋರ್ ಹುಡುಕಿದಳು ಎನ್ನಲಾದ ಗೋಡೆ

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಾಲೆ ಬಿಟ್ಟು ಒಂದೂವರೆ ವರ್ಷವಾಯಿತು, ಬೇಕಾದ ಮಾತು ಬೇಕಾದಾಗ ಕೈಗೆ ಸಿಗುವುದಿಲ್ಲ. ನಮ್ಮ ಈಜುಕೊಳಕ್ಕೆ ಎಂಬತ್ತು ತುಂಬಿದೆ, ಕಾಫಿ ಮೇಜಿನ ಮೇಲಿನ ಗೋಡೆಗೆ ಅಂಟಿಸಲು ಸ್ಟೇನ್ವೋರಳ ಬಗ್ಗೆ ಯಾರಾದರೂ ಬರೆಯಬೇಕು ಎಂದಾಗ ಎಲ್ಲರೂ ತಂತಮ್ಮ ಲೋಟದೊಳಗೆ ನೋಡಿಕೊಂಡರು. ನನ್ನ ಕೈಯಲ್ಲಿ ಲೋಟ ಇರಲಿಲ್ಲ, ಸಿಕ್ಕಿಬಿದ್ದೆ. ಎಲ್ಲವನ್ನೂ ಎರಡೆರಡು ಸಲ ಕೇಳಿ ಬರೆದಿದ್ದೇನೆ. ತಪ್ಪು ಕಂಡರೆ ಟವೆಲ್ ಕೊಡುವ ಕಿಟಕಿಯಲ್ಲಿ ಹೇಳಿ, ಅಲ್ಲಿ ಕೂರುವವನು ನಾನೇ, ತಿದ್ದುತ್ತೇನೆ.

ನಮ್ಮೂರು ಕಾಲ್ಡಾವೀಕಿನಲ್ಲಿ ಸ್ಟೇನ್ವೋರಳಿಗೆ ಹೆದರದೆ ಇರುವುದು ಎರಡೇ. ಒಂದು ಸಮುದ್ರ, ಇನ್ನೊಂದು ಅವಳ ಹಳೆಯ ಗೆಳತಿ ಥೋರ್ಕಟ್ಲಾ. ಮಿಕ್ಕವರೆಲ್ಲ ಹೆಂಗಸರ ಸ್ನಾನದ ಕೋಣೆಗೆ ಕಾಲಿಡುವ ಮೊದಲೇ ತಪ್ಪು ಮಾಡಿದವರ ಮುಖ ಮಾಡಿಕೊಳ್ಳುತ್ತಾರೆ. ನೀಲಿ ಕೋಟು, ರಬ್ಬರು ಚಪ್ಪಲಿ, ಕೈಯಲ್ಲಿ ನೆಲ ಒರೆಸುವ ಕೋಲು, ಹೀಗೆ ಅವಳು ಅಲ್ಲಿ ನಿಲ್ಲಲು ಶುರುಮಾಡಿ ನಲವತ್ತೊಂದು ವರ್ಷವಾಯಿತು. ಈಜುಡುಗೆ ಕಳಚಿಟ್ಟು, ಸೋಪು ಹಚ್ಚಿ, ತಲೆಯಿಂದ ಕಾಲಿನವರೆಗೆ, ನಡುವೆ ಎಲ್ಲೂ ಬಿಡದೆ ತೊಳೆದುಕೊಂಡವರಿಗೆ ಮಾತ್ರ ಕೊಳದ ಬಾಗಿಲು. ಒಂದು ಬೇಸಿಗೆಯಲ್ಲಿ ಬೇರೆ ಊರಿನ ಪಾದ್ರಿಯ ಹೆಂಡತಿ ನಾಚಿಕೆಯಿಂದ ಉಡುಗೆಯ ಮೇಲೆಯೇ ನೀರು ಸುರಿದುಕೊಂಡು ನುಸುಳಲು ನೋಡಿದಳು. ಸ್ಟೇನ್ವೋರ್ ಕೋಲು ಅಡ್ಡ ಹಿಡಿದಳು.

"ದೇವರು ಆಗಲೇ ಎಲ್ಲಾ ನೋಡಿದಾನೆ ಕಣಮ್ಮ," ಎಂದಳು. "ಸೋಪು ಅಲ್ಲಿದೆ."

ಈ ಹೆಂಗಸು ಒಂದು ಕಾಲದಲ್ಲಿ ಇಡೀ ದೇಶಕ್ಕೆ ಅಂಗಾತ ಈಜಿನಲ್ಲಿ ಮೊದಲನೆಯವಳಾಗಿದ್ದಳು. ಊರು ಅದನ್ನು ಮರೆತಿಲ್ಲ. ಆದರೆ ನೆನಪಿಟ್ಟುಕೊಂಡ ರೀತಿ ಬೇರೆ.

ಕಥೆ ಅವಳ ಅಪ್ಪ ಹಲ್ಬ್ಯೋರ್ನನಿಂದ ಶುರುವಾಗುತ್ತದೆ. ಅವನು ದೋಣಿಗಾರ. ಅವನ ಯೌವನದಲ್ಲಿ ಊರಿನ ಗಂಡಸರಲ್ಲಿ ಒಬ್ಬನಿಗೂ ಈಜು ಬರುತ್ತಿರಲಿಲ್ಲ. ಈಜು ಬಂದರೆ ಸಾಯುವುದು ತಡವಾಗುತ್ತದೆ ಅಷ್ಟೇ ಎಂಬುದು ಹಿರಿಯರ ವಾದ. ಆದರೂ ತರುಣರ ಸಂಘದವರು ಬಿಸಿನೀರಿನ ಬುಗ್ಗೆಯ ಪಕ್ಕದಲ್ಲಿ, ಮೀನುಗಾರಿಕೆ ಇಲ್ಲದ ದಿನಗಳಲ್ಲಿ, ತಾವೇ ಗುದ್ದಲಿ ಹಿಡಿದು ಕೊಳ ತೋಡಲು ಹೊರಟರು. ಅಳತೆಯ ಪಟ್ಟಿ ಊರಿಗೆಲ್ಲ ಒಂದೇ ಇತ್ತು. ಅದು ಬಟ್ಟೆ ಅಳೆಯಲಿಕ್ಕೆ ಇರುವುದು, ಹೊಂಡ ಅಳೆಯಲಿಕ್ಕಲ್ಲ ಎಂದು ಅಂಗಡಿಯವನು ಕೊಡಲಿಲ್ಲ. ಸರಿ, ದೋಣಿಯಲ್ಲಿ ಗಾಳದ ಹಗ್ಗ ಅಳೆಯುವಂತೆ ಎರಡು ಕೈ ಅಗಲಿಸಿ ಮಾರು ಹಾಕಿ ಅಳೆದರಾಯಿತು ಎಂದುಕೊಂಡರು. ಹದಿನಾಲ್ಕು ಮಾರು ಎಂದರೆ ಇಪ್ಪತ್ತೈದು ಮೀಟರು, ಇದು ಕಡಲವರ ಲೆಕ್ಕ. ಮಾರು ಹಾಕುವ ಗೌರವ ಹಲ್ಬ್ಯೋರ್ನನಿಗೆ ಸಿಕ್ಕಿತು. ಅವನ ಅಳತೆಯ ಬಗ್ಗೆ ಯಾರಿಗೂ ಎರಡು ಮಾತಿರಲಿಲ್ಲ. ಅವನ ತೋಳಿನ ಬಗ್ಗೆ ಮಾತ್ರ ಬಹಳ ಮಾತಿತ್ತು. ಬಗ್ಗದೆ ನಿಂತಲ್ಲೇ ಕಾಲುಚೀಲ ಎಳೆದುಕೊಳ್ಳುತ್ತಾನೆ ಎಂದು ನಗುತ್ತಿದ್ದರು. ಈ ಎರಡು ವಿಷಯವನ್ನು ಒಟ್ಟಿಗೆ ಇಟ್ಟು ನೋಡುವ ಬುದ್ಧಿ ಎಂಬತ್ತು ವರ್ಷ ಯಾರಿಗೂ ಬರಲಿಲ್ಲ. "ಹಲ್ಬ್ಯೋರ್ನ್ ಅಳೆದದ್ದು" ಎಂದು ಹಿತ್ತಾಳೆಯ ಫಲಕ ಮಾಡಿಸಿ ಗೋಡೆಗೆ ಹೊಡೆದರು.

ಸ್ಟೇನ್ವೋರ್ ಹುಟ್ಟುವಾಗ ಕೊಳಕ್ಕೆ ನಾಲ್ಕು ವರ್ಷ. ಅಪ್ಪನ ತೋಳುಗಳನ್ನೇ ತಂದಿದ್ದಳು. ಅವಳು ಅಂಗಾತ ಈಜನ್ನೇ ಹಿಡಿದುಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ನಮ್ಮ ಬುಗ್ಗೆಯ ನೀರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಮೂಗು ಮೇಲಿದ್ದರೆ ಒಳ್ಳೆಯದು ಎಂದು ಅವಳಿಗೆ ಅನ್ನಿಸಿತು. ಅಂಗಾತ ಈಜುವವರಿಗೆ ಆಕಾಶ ಕಾಣುತ್ತದೆ, ಗೋಡೆ ಕಾಣುವುದಿಲ್ಲ. ಆದ್ದರಿಂದ ಕೈ ಎಷ್ಟು ಸಲ ಬೀಸಿದೆ ಎಂದು ಎಣಿಸಬೇಕು. ಅವಳ ಲೆಕ್ಕ ಇಪ್ಪತ್ತೆರಡು. ಇಪ್ಪತ್ತೊಂದನೆಯ ಬೀಸಿಗೆ ತಲೆ ಸರಿಯಾಗಿ ಕಬ್ಬಿಣದ ಏಣಿಯ ಪಕ್ಕಕ್ಕೆ ಬರುತ್ತಿತ್ತು, ಇಪ್ಪತ್ತೆರಡನೆಯದಕ್ಕೆ ಬೆರಳು ಗೋಡೆ ಮುಟ್ಟುತ್ತಿತ್ತು. ಹತ್ತು ವರ್ಷ, ದಿನಕ್ಕೆ ನೂರು ಸಲ. ಒಂದು ಸಲವೂ ತಪ್ಪಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಕರಾವಳಿಯ ಹಡಗು ಹತ್ತಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ರಾಜಧಾನಿಗೆ ಸ್ಪರ್ಧೆಗೆ ಹೋದಳು. (ಇಬ್ಬರು 1957 ಎಂದರು, ಒಬ್ಬರು 58 ಎಂದರು. 57 ಎಂದು ಬರೆದಿದ್ದೇನೆ.) ಮೊದಲ ಸುತ್ತಿನಲ್ಲೇ ಇಪ್ಪತ್ತೆರಡು ಎಂದು ಕೈ ಎತ್ತುವಷ್ಟರಲ್ಲಿ ನಡುನೆತ್ತಿ ಗೋಡೆಗೆ ಹೊಡೆಯಿತು. ಸದ್ದು ಮೇಲಿನ ಸಾಲಿನವರಿಗೂ ಕೇಳಿಸಿತಂತೆ. ಟೋಪಿಯೊಳಗೆ ರಕ್ತ ತುಂಬಿಕೊಂಡೇ ಗೆದ್ದಳು. ಮೂರು ಹೊಲಿಗೆ, ಒಂದು ಚಿನ್ನದ ಪದಕ. ಮುಂದಿನ ವರ್ಷ ಎರಡು ಹೊಲಿಗೆ, ಒಂದು ಚಿನ್ನ. ನಾಲ್ಕು ವರ್ಷ ಸಾಲಾಗಿ ದೇಶಕ್ಕೆ ಮೊದಲನೆಯವಳಾದಳು, ನಾಲ್ಕು ವರ್ಷವೂ ತಲೆ ಒಡೆದುಕೊಂಡಳು. ಹಲ್ಬ್ಯೋರ್ನನ ಮಗಳಿಗೆ ಗೋಡೆ ಎಂದರೆ ಗೌರವವೇ ಇಲ್ಲ ಎಂದು ಊರು ಹೆಮ್ಮೆಪಟ್ಟುಕೊಂಡಿತು.

1961ರಲ್ಲಿ ಸ್ವೀಡನ್ನಿನಲ್ಲಿ ನೆರೆ ದೇಶಗಳೆಲ್ಲ ಸೇರಿದ ಸ್ಪರ್ಧೆ ನಡೆಯಿತು. ರಾಜಧಾನಿಯ ತರಬೇತುದಾರ ಕೈಮುಗಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡ: ಒಂದು ಬೀಸು ಕಡಿಮೆ ಮಾಡು, ಇಪ್ಪತ್ತೊಂದಕ್ಕೆ ನಿಲ್ಲಿಸಿ ಕೈ ಚಾಚು, ನಿನ್ನ ತಲೆ ಇನ್ನು ತಡೆಯುವುದಿಲ್ಲ. ಅವಳು ಹಾಗೇ ಮಾಡಿದಳು. ತಲೆ ಒಡೆಯಲಿಲ್ಲ. ಫಿನ್ಲೆಂಡಿನ ರೈಲಿ ಎಂಬ ಹುಡುಗಿ ಒಂದು ಬೆರಳಿನಷ್ಟು ಮುಂಚೆ ಗೋಡೆ ಮುಟ್ಟಿದಳು.

ಬೆಳ್ಳಿ ಪದಕ ಹಿಡಿದು ಹಡಗಿನಿಂದ ಇಳಿದಾಗ ಊರಿಗೆ ಊರೇ ಕಟ್ಟೆಯ ಮೇಲೆ ನಿಂತಿತ್ತು. ತರಬೇತುದಾರನ ಉಪಾಯ ರೇಡಿಯೋದಲ್ಲಿ ಆಗಲೇ ಎಲ್ಲರೂ ಕೇಳಿದ್ದರು. ಅಪ್ಪ ಅವಳ ಗಂಟು ಇಸಿದುಕೊಂಡ.

"ಇನ್ನೊಂದು ಕೈ ಬೀಸೋದಲ್ವಾ ಮಗಳೇ," ಎಂದ. "ಗೋಡೆ ಹುಡುಕ್ತಾ ನಿಂತ್ಯಾ? ಅದೇನು ಎದ್ದು ಓಡಿಹೋಗ್ತಿತ್ತಾ?"

ಕಟ್ಟೆಯೆಲ್ಲ ನಕ್ಕಿತು. ಅವನೂ ಪ್ರೀತಿಯಿಂದಲೇ ಅಂದದ್ದು. ಆದರೆ ಆ ಮಾತು ಊರಿನಲ್ಲಿ ಮನೆ ಕಟ್ಟಿಕೊಂಡು ನೆಲೆಸಿತು. ಕುರಿ ಕೊಳ್ಳಲು ಹಿಂದೆ ಮುಂದೆ ನೋಡುವವನಿಗೆ, ದೋಣಿ ಬಿಡಲು ಮೋಡ ನೋಡುವವನಿಗೆ, ಎಲ್ಲರಿಗೂ ಒಂದೇ ಬುದ್ಧಿಮಾತು: ಸ್ಟೇನ್ವೋರಳ ಹಾಗೆ ಗೋಡೆ ಹುಡುಕಬೇಡ. ಪಾದ್ರಿ ಅವಳು ಎದುರಿಗೆ ಕೂತಿದ್ದಾಗಲೇ ಪ್ರವಚನದಲ್ಲಿ ಬಳಸಿದ. ಇಂಜಿನ್ ರಿಪೇರಿಯ ಐವಿಂದುರ್ ಅವಳನ್ನು ಮದುವೆಗೆ ಕೇಳಿದ್ದೂ "ಗೋಡೆ ಹುಡುಕದೆ ಹೇಳಿಬಿಡು" ಎಂದೇ. ಅವಳು ತಕ್ಷಣ ಒಪ್ಪಿದಳು. ಇನ್ನೊಂದಿಷ್ಟು ಹುಡುಕಬೇಕಿತ್ತು ಎಂದು ಆಮೇಲೆ ಹೇಳಿಕೊಂಡು ನಗುತ್ತಿದ್ದಳಂತೆ, ಆದರೂ ಅವನು ತೀರಿಕೊಂಡಾಗ ಮೂರು ದಿನ ಕೊಳಕ್ಕೆ ಬರಲಿಲ್ಲ.

ಅವಳು ಎಲ್ಲರ ಜೊತೆ ನಗುತ್ತಿದ್ದಳು. ಒಳಗೆ ಮಾತ್ರ ಒಂದು ಮುಳ್ಳು ಮುರಿದು ಕೂತಿತ್ತು. ಆ ಕೊನೆಯ ಇಪ್ಪತ್ತೊಂದನೆಯ ಬೀಸಿನ ನಂತರ ತನ್ನ ಕೈ ನೇರ ಗೋಡೆಗೆ ತಾಗಿತೋ, ಅಥವಾ ತಾನು ಹೆದರಿ, ಬೇಗ ಕೈ ಚಾಚಿ, ಉಳಿದ ದೂರ ಸುಮ್ಮನೆ ತೇಲಿ ಹೋದೆನೋ? ತೇಲಿದ್ದರೆ ಹೇಡಿತನದಿಂದ ಸೋತ ಹಾಗೆ. ಅವಳಿಗೆ ನೆನಪಿರಲಿಲ್ಲ. ಊರಿನ ಕೊಳವಂತೂ ಅವಳ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಇಲ್ಲಿ ಇಪ್ಪತ್ತೊಂದಕ್ಕೆ ಯಾವತ್ತೂ ಗೋಡೆ ಸಿಗುತ್ತಿರಲಿಲ್ಲ, ಇನ್ನೊಂದು ಬೀಸು ಬೇಕೇ ಬೇಕಿತ್ತು. ಅಂದಮೇಲೆ ತೇಲಿದ್ದೇ ನಿಜ ಎಂದು ಅವಳೂ ನಂಬಿದಳು. ಅಂಗಾತ ಈಜು ಬಿಟ್ಟಳು. ಮೀನಿನ ಕಾರ್ಖಾನೆಯಲ್ಲಿ ಥೋರ್ಕಟ್ಲಾಳ ಪಕ್ಕ ನಿಂತು ಹದಿನಾಲ್ಕು ವರ್ಷ ಕಾಡ್ ಮೀನು ಸೀಳಿದಳು, ಆಮೇಲೆ ಕೊಳದ ಕೆಲಸಕ್ಕೆ ಬಂದಳು. ಮೂರು ತಲೆಮಾರಿನ ಮಕ್ಕಳಿಗೆ ಕಪ್ಪೆ ಈಜು ಕಲಿಸಿದಳು, ಅಂಗಾತ ಈಜು ಒಬ್ಬರಿಗೂ ಕಲಿಸಲಿಲ್ಲ. ನಮ್ಮೂರಲ್ಲಿ ಆಕಾಶ ನೋಡುತ್ತ ಈಜಬಲ್ಲವರು ಯಾರೂ ಇಲ್ಲ.

ಈ ಸಲ ಎಂಬತ್ತರ ಹಬ್ಬಕ್ಕೆಂದು ಸಂಘದವರು ಈಜುವ ಸಾಲುಗಳನ್ನು ಬೇರ್ಪಡಿಸುವ ತೇಲುಹಗ್ಗಗಳನ್ನು ಹೊರದೇಶದಿಂದ ತರಿಸಿದರು. ಅಲ್ಲಿಯವರೆಗೆ ನಾವು ಹಳೆಯ ಬಲೆಯ ಬೆಂಡುಗಳನ್ನು ಪೋಣಿಸಿ ನಮ್ಮ ಕೊಳಕ್ಕೆ ತಕ್ಕಂತೆ ನಾವೇ ಕಟ್ಟಿಕೊಳ್ಳುತ್ತಿದ್ದೆವು. ಕೊಳದ ಮೇಲ್ವಿಚಾರಕ ಓಗ್ಮುಂದುರ್ ಹೊಸ ಹಗ್ಗದ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿ ಎಳೆದ. ಅದು ಗೋಡೆಯಿಂದ ಅರ್ಧ ಮೀಟರಿಗೂ ಹೆಚ್ಚು ದೂರದಲ್ಲಿ ನಿಂತಿತು. ಐದೂ ಹಗ್ಗ ಹಾಗೇ. ಅವನು ಕಂಪನಿಗೆ ಫೋನು ಮಾಡಿ, ಗಿಡ್ಡ ಹಗ್ಗ ಕಳಿಸಲು ನಾಚಿಕೆಯಾಗುವುದಿಲ್ಲವೇ ಎಂದು ಕಾಲು ಗಂಟೆ ಬೈದ. ಅವರು ಶಾಂತವಾಗಿ, ನಿಮ್ಮ ಕೊಳವನ್ನೇ ಒಮ್ಮೆ ಅಳೆಯಿರಿ ಎಂದರಂತೆ. ಸಿಟ್ಟಿನಲ್ಲೇ ಅಳೆದ. ಮೂರು ಸಲ ಅಳೆದ. ಇಪ್ಪತ್ತೈದು ಮೀಟರು ಐವತ್ತಾರು ಸೆಂಟಿಮೀಟರು.

ಸ್ಟೇನ್ವೋರ್ ಹತ್ತಿರವೇ ನೆಲ ಒರೆಸುತ್ತಿದ್ದಳು. ಓಗ್ಮುಂದುರ್ ಮೊದಲು ಪಟ್ಟಿ ನೋಡಿದ, ಆಮೇಲೆ ಹಿತ್ತಾಳೆಯ ಫಲಕ ನೋಡಿದ, ಕೊನೆಗೆ ಅವಳ ತೋಳು ನೋಡಿದ. ಅವಳು ಸ್ನಾನದ ಕೋಣೆಗೆ ಹೋದಳು. ಆ ದಿನ ಇಬ್ಬರು ಹೆಂಗಸರು ಸೋಪು ಮುಟ್ಟದೆ ಅವಳ ಮುಂದೆಯೇ ಕೊಳಕ್ಕೆ ಹೋದರು, ಅವಳು ನೋಡಲಿಲ್ಲ. ಅವರು ಹೆದರಿ ತಾವಾಗಿಯೇ ವಾಪಸು ಬಂದು ತೊಳೆದುಕೊಂಡರು.

ಮರುದಿನ ಬೆಳಿಗ್ಗೆ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತ ಎಂಟು ಮಂದಿ ತೀರ್ಪು ಕೊಟ್ಟಾಗಿತ್ತು. ತಲೆ ಒಡೆದದ್ದು, ಲೆಕ್ಕ ಕೆಟ್ಟದ್ದು, ಬೆಳ್ಳಿ ಬಂದದ್ದು ಎಲ್ಲವೂ ಹಲ್ಬ್ಯೋರ್ನನ ತಪ್ಪು. ಸತ್ತವನು ಎದ್ದುಬಂದು ವಾದ ಮಾಡುವುದಿಲ್ಲವಲ್ಲ. ಫಲಕ ಕಿತ್ತು ಹಾಕಬೇಕು ಎಂದೂ ಒಬ್ಬರು ಹೇಳಿದರು. ಐವತ್ತೈದು ವರ್ಷದಿಂದ ಸ್ಟೇನ್ವೋರಳಿಗೆ ಬೇಕಾಗಿದ್ದದ್ದು ಇದೇ, ತಪ್ಪು ಹೊರುವ ಇನ್ನೊಂದು ಹೆಗಲು. ಸಿಕ್ಕಿದ ಮೇಲೆ ಯಾಕೋ ರುಚಿಸಲಿಲ್ಲ. ಅವಳಿಗೆ ಕ್ಷಮೆ ಬೇಕಿರಲಿಲ್ಲ. ತೇಲಿದೆನೋ ಇಲ್ಲವೋ, ಅದು ಬೇಕಿತ್ತು.

ಅವಳು ಓಗ್ಮುಂದುರನಿಗೆ, ಸ್ವೀಡನ್ನಿನ ಕೊಳದಷ್ಟೇ, ಸರಿಯಾಗಿ ಇಪ್ಪತ್ತೈದು ಮೀಟರಿಗೆ ಕೊಳದ ಅಂಚಿನ ಮೇಲೆ ಸೀಮೆಸುಣ್ಣದ ಗೆರೆ ಎಳೆ ಎಂದಳು. ಅವನು ಎಳೆದ. ಅವಳು ಕಬ್ಬಿಣದ ಏಣಿಯ ಹತ್ತಿರ ಹೋಗಿ, ತಾನೇ ಒರೆಸಿದ ನೆಲದ ಮೇಲೆ, ನೀಲಿ ಕೋಟಿನಲ್ಲೇ, ಅಂಗಾತ ಮಲಗಿದಳು.

"ಏನೇ ಇದು, ಈಗ ನೆಲದ ಮೇಲೂ ಈಜ್ತೀಯಾ?" ಎಂದಳು ಥೋರ್ಕಟ್ಲಾ ತೊಟ್ಟಿಯಿಂದ.

ಸ್ಟೇನ್ವೋರ್ ನೆತ್ತಿ ಏಣಿಯ ನೇರಕ್ಕೆ ಬರುವ ಹಾಗೆ ಸರಿದುಕೊಂಡಳು. ಅದು ಇಪ್ಪತ್ತೊಂದನೆಯ ಬೀಸಿನ ಜಾಗ. ಬಲಗೈಯನ್ನು ತಲೆಯ ಹಿಂದಕ್ಕೆ ಪೂರ್ತಿ ಚಾಚಿದಳು. ತೊಟ್ಟಿಯಲ್ಲಿದ್ದವರೆಲ್ಲ ಎದ್ದು ನಿಂತರು. ಚಳಿಗಾಳಿಗೆ ಎಂಟು ಮೈಗಳಿಂದಲೂ ಹಬೆ ಏಳುತ್ತಿತ್ತು.

"ಎಲ್ಲಿದೆ ಬೆರಳು?" ಎಂದು ಕೇಳಿದಳು.

ಓಗ್ಮುಂದುರ್ ಮಂಡಿಯೂರಿ ನೋಡಿದ. "ಗೆರೆ ಮೇಲೇ ಇದೆ. ಕೂದಲೆಳೆ ತೂರೋಷ್ಟೂ ಜಾಗ ಇಲ್ಲ."

ಅವಳು ಸ್ವಲ್ಪ ಹೊತ್ತು ಆಕಾಶ ನೋಡುತ್ತ ಮಲಗಿದ್ದಳು.

"ಅಂದ್ರೆ ಏನು ಅರ್ಥ, ಬಿಡಿಸಿ ಹೇಳು ಮಾರಾಯ್ತಿ," ಎಂದಳು ಥೋರ್ಕಟ್ಲಾ.

"ಅಂದ್ರೆ ನಾನು ತೇಲಲಿಲ್ಲ. ಕೈ ಚಾಚಿದೆ, ಗೋಡೆ ಅಲ್ಲೇ ಇತ್ತು. ಇನ್ನೊಂದು ಬೀಸಿದ್ರೆ ತಲೆ ಒಡೀತಿತ್ತು."

"ಮತ್ತೆ ಸೋತಿದ್ದು?"

"ರೈಲಿ ನನಗಿಂತ ಜೋರಾಗಿ ಈಜಿದ್ಲು."

ಥೋರ್ಕಟ್ಲಾ ಬೆರಳು ಮಡಚಿ ಲೆಕ್ಕ ಹಾಕಿದಳು. "ಹೆದರಲೂ ಇಲ್ಲ, ಅಪ್ಪಂದೂ ತಪ್ಪಲ್ಲ. ನೀನು ಬರೀ ನಿಧಾನ ಆಗಿದ್ಯಾ?"

"ಬರೀ ನಿಧಾನ," ಎಂದಳು ಸ್ಟೇನ್ವೋರ್.

ಹೇಳಿದವಳೇ ನಗಲು ಶುರುಮಾಡಿದಳು. ನಕ್ಕು ನಕ್ಕು ಏಳಲಾಗಲಿಲ್ಲ, ಎಪ್ಪತ್ತಾರರ ಸೊಂಟ ಹಿಡಿದುಕೊಂಡಿತು. ಓಗ್ಮುಂದುರ್ ಒಂದು ಕಡೆ, ಒದ್ದೆ ಮೈಯಲ್ಲಿ ನಡುಗುತ್ತ ಥೋರ್ಕಟ್ಲಾ ಇನ್ನೊಂದು ಕಡೆ ಹಿಡಿದೆತ್ತಿದರು. ಐವತ್ತೈದು ವರ್ಷ ಬಳಸಿದ ಗಾದೆ ಹೀಗೆ ಸುಳ್ಳಾದದ್ದಕ್ಕೆ ಥೋರ್ಕಟ್ಲಾ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಈಗ ನಿಧಾನವಾಗಿ ನಡೆಯುವವರನ್ನೆಲ್ಲ "ಸ್ಟೇನ್ವೋರ್" ಎನ್ನಲು ಶುರುಮಾಡಿದ್ದಾಳೆ.

ಗೋಡೆಗೆ ಹಲಗೆ ಹೊಡೆದು ಕೊಳವನ್ನು ಇಪ್ಪತ್ತೈದಕ್ಕೆ ಇಳಿಸೋಣ ಎಂದು ಓಗ್ಮುಂದುರ್ ಹೇಳಿದ್ದಕ್ಕೆ ಅವಳು ಒಪ್ಪಲಿಲ್ಲ. ಅಪ್ಪ ಅಳೆದದ್ದು ಇದ್ದ ಹಾಗೇ ಇರಲಿ, ಅಂಕಿ ಮಾತ್ರ ಸರಿಯಾಗಿ ಬರೆದರೆ ಸಾಕು ಎಂದಳು. ಫಲಕ ಅಲ್ಲೇ ಇದೆ. ಹೊಸ ಹಗ್ಗಗಳ ತುದಿಗೆ ಹಳೆಯ ಬಲೆಯ ಬೆಂಡು ಪೋಣಿಸಿ ಉದ್ದ ಮಾಡಿದ್ದೇವೆ. ಬರುವ ಸೋಮವಾರದಿಂದ ಅಂಗಾತ ಈಜಿನ ಪಾಠ ಶುರು ಎಂದು ಅವಳೇ ಚೀಟಿ ಹಚ್ಚಿದ್ದಾಳೆ. ಕೆಳಗೆ ಒಂದೇ ಹೆಸರಿದೆ, ಅದು ನನ್ನದು. ಅದನ್ನು ಬರೆದದ್ದು ನಾನಲ್ಲ, ಅವಳು.

ಸೋಮವಾರ ಬೆಳಿಗ್ಗೆ ಆರೂವರೆಗೆ ಬೀಗ ತೆಗೆದು, ಗೋಡೆಯ ಮೇಲಿನ 25 ಅನ್ನು ಉಜ್ಜಿ ತೆಗೆದು, ಕಪ್ಪು ಬಣ್ಣದಲ್ಲಿ 25.56 ಎಂದು ಬರೆಯುತ್ತೇನೆ. ಆಮೇಲೆ ಸೋಪು ಹಚ್ಚಿ ತೊಳೆದುಕೊಂಡು ನೀರಿಗೆ ಇಳಿಯುತ್ತೇನೆ.